ಅಂಗಳದಲ್ಲಿ ನಿಂತ ನೀರು

ಈ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳಿದಾಗ, ಶಾಲೆಯ ಅಭಿವೃದ್ಧಿಯನ್ನು ಕುರಿತು ಬರೆಯುವೆವೆಂದೇ ಅವರು ಎಣಿಸಿರಬಹುದು. ಆ ವಿಷಯವು ವಾರ್ಷಿಕ ವರದಿಯಲ್ಲಿ ಸವಿಸ್ತಾರವಾಗಿ ಬಂದಿರುವುದರಿಂದ, ರುದ್ರಪಟ್ಟಣದಲ್ಲಿರುವ ನಮ್ಮ ತಾಯಿಯವರ ಮನೆಯ ಅಂಗಳದಲ್ಲಿ ನೀರು ನಿಂತ ಸಂಗತಿಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಆರೋಗ್ಯದ ಪಾಠವನ್ನು ಬೋಧಿಸುತ್ತ ಬಂದ ನಾವು, ಅದನ್ನು ಸ್ವಂತ ಮನೆಯಲ್ಲಿ ಆಚರಿಸಿರಲಿಲ್ಲವೆಂಬುದನ್ನು ಆ ನೀರು ನಮಗೆ ತೋರಿಸಿಕೊಟ್ಟಿತು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಸಂಗೀತಕ್ಕೆ ಹೆಸರಾದ ಊರು. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಇಲ್ಲಿಯೇ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ನೋಡಲು ದೂರದೂರದಿಂದ ಜನರು ಬರುವರು. ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು ಈ ಊರನ್ನು ಮೆಚ್ಚಿ, ತಗ್ಗಿನ ಬೀದಿಯಲ್ಲಿ ಒಂದು ಹೆಂಚಿನ ಮನೆಯನ್ನು ಕಟ್ಟಿಸಿದರು. ಆದರೆ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಕೇಳಿಬರುತ್ತಿದ್ದುದು ಕಪ್ಪೆಗಳ ಸಂಗೀತವೊಂದೇ. ಒಂದು ರಾತ್ರಿ ಮಳೆ ಹಿಡಿದರೆ ಎಂಟು ದಿನ ನೀರು ಇಂಗುತ್ತಿರಲಿಲ್ಲ. ಜಗಲಿಯಿಂದ ಬಾವಿಗೆ ಹೋಗುವುದಕ್ಕೆ ನಮ್ಮ ತಾಯಿಯವರು ಇಟ್ಟಿಗೆಗಳನ್ನು ಸಾಲಾಗಿ ಇಡಿಸಿಕೊಂಡಿದ್ದರು. ಗೋಡೆಯ ಬುಡವು ಮೊಣಕಾಲೆತ್ತರ ತೇವವನ್ನು ಹೀರಿ ಗಾರೆ ಉದುರುತ್ತಿತ್ತು.

2023ರ ಬೇಸಗೆಯ ರಜೆಯಲ್ಲಿ ನಾವು ಹಿಂದುಮುಂದು ಯೋಚಿಸದೆ ಆರು ಗಾಡಿ ಮಣ್ಣನ್ನು ತರಿಸಿ ಅಂಗಳದ ತಗ್ಗನ್ನು ತುಂಬಿಸಿದೆವು. ಆ ಮಳೆಗಾಲದಲ್ಲಿ ನಮ್ಮ ಅಂಗಳವು ಒಣಗಿಯೇ ಇದ್ದಿತು. ನಾವು ಬಹಳ ಸಂತೋಷಪಟ್ಟೆವು. ನೀರು ಎಲ್ಲಿಗೆ ಹೋಯಿತೆಂದು ಮಾತ್ರ ಕೇಳಲಿಲ್ಲ. ಅದು ಬೇಲಿಯ ಕೆಳಗಿನಿಂದ ನುಸುಳಿ ನೆರೆಮನೆಯ ಹಿತ್ತಲಿಗೆ ಹೋಗಿತ್ತು. ಆ ಮನೆಯಲ್ಲಿ ಒಬ್ಬ ವೃದ್ಧೆಯೂ ಒಂಬತ್ತು ವರ್ಷದ ಅವರ ಮೊಮ್ಮಗಳೂ ವಾಸವಾಗಿದ್ದರು. ಆಕೆ ಒಂದೆರಡು ಸಾರಿ ನಮ್ಮ ತಾಯಿಯವರಿಗೆ ಹೇಳಿದರಂತೆ. ನಮ್ಮ ಕಿವಿಗೂ ಬಿದ್ದಿತು. ಮುಂದಿನ ರಜೆಯಲ್ಲಿ ನೋಡೋಣವೆಂದು ಉತ್ತರ ಕೊಟ್ಟೆವು.

ಮರುವರ್ಷ, ಎಂದರೆ 2024ರಲ್ಲಿ, ಡೆಂಗಿ ಜ್ವರವು ರಾಜ್ಯದಲ್ಲೆಲ್ಲ ಹಬ್ಬಿ, ಸರ್ಕಾರವು ಸೆಪ್ಟೆಂಬರ್ ತಿಂಗಳಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ವಾಚಕರಿಗೆ ನೆನಪಿರಬಹುದು. ಆ ಜ್ವರವು ನೆರೆಮನೆಯ ಹುಡುಗಿಗೂ ಬಂದಿತು. ಆಕೆ ಆರು ದಿನ ಹಾಸನದ ಆಸ್ಪತ್ರೆಯಲ್ಲಿದ್ದು, ದೇವರ ದಯದಿಂದ ಗುಣಹೊಂದಿ ಮನೆಗೆ ಬಂದಳು. ನಾವು ನೋಡಲು ಹೋದಾಗ ಅಜ್ಜಿಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಅದೇ ವಾರ ಆರೋಗ್ಯ ಕಾರ್ಯಕರ್ತೆಯೊಬ್ಬರು ಮನೆಮನೆಯನ್ನೂ ಪರೀಕ್ಷಿಸುತ್ತ ನಮ್ಮಲ್ಲಿಗೂ ಬಂದರು. ಅವರು ಕೆಸರಿನ ಹೊಂಡವನ್ನು ಹೆಚ್ಚಾಗಿ ನೋಡಲಿಲ್ಲ. ಡೆಂಗಿಯ ಸೊಳ್ಳೆಯು ಹೊಲಸು ನೀರಿಗಿಂತ ಪಾತ್ರೆ ಪದಾರ್ಥಗಳಲ್ಲಿ ನಿಂತ ತಿಳಿನೀರನ್ನೇ ಹೆಚ್ಚಾಗಿ ಬಯಸುವುದೆಂದು ಹೇಳಿ, ಜಗಲಿಯ ಪಕ್ಕದಲ್ಲಿದ್ದ ನಮ್ಮ ಅಜ್ಜಿಯವರ ಕಾಲದ ಒರಳುಕಲ್ಲಿನೊಳಗೆ ಬೆಳಕು ಬಿಟ್ಟು ತೋರಿಸಿದರು. ಅದರಲ್ಲಿ ಮಳೆಯ ನೀರು ಸ್ಫಟಿಕದಂತೆ ನಿಂತಿತ್ತು, ಹುಳುಗಳು ಕುಣಿಯುತ್ತಿದ್ದವು. ಹುಡುಗಿಯನ್ನು ಕಚ್ಚಿದ ಸೊಳ್ಳೆ ನಮ್ಮ ಒರಳಿನಲ್ಲಿಯೇ ಹುಟ್ಟಿತೆಂದು ಯಾರೂ ಹೇಳಲಾರರು. ಹುಟ್ಟಲಿಲ್ಲವೆಂದು ನಾವೂ ಹೇಳಲಾರೆವು.

ಆಗ ನಮಗೆ ನಾವೇ ಪಾಠದಲ್ಲಿ ಹೇಳುತ್ತಿದ್ದ ಒಂದು ಕಥೆ ನೆನಪಾಯಿತು. ರೊನಾಲ್ಡ್ ರಾಸ್ ಎಂಬ ವೈದ್ಯನು 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಕೋಣೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದೇಕೆಂದು ಹುಡುಕಿ, ಕಿಟಕಿಯ ಹೊರಗೆ ನೀರು ತುಂಬಿದ್ದ ಒಂದು ತೊಟ್ಟಿಯಲ್ಲಿ ಮರಿಹುಳುಗಳನ್ನು ಕಂಡನು. ತೊಟ್ಟಿಯನ್ನು ಬರಿದುಮಾಡಿದೊಡನೆ ಸೊಳ್ಳೆಗಳ ಕಾಟವು ತಗ್ಗಿತು. ಮಲೇರಿಯಾ ರೋಗದ ಕ್ರಿಮಿಯನ್ನು ಆತನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಈ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ಆದರೆ ನಮ್ಮ ಕಿಟಕಿಯ ಹೊರಗಿದ್ದ ಒರಳನ್ನು ನೋಡಿರಲಿಲ್ಲ.

ಅಂದೇ ಒರಳನ್ನು ತಿಕ್ಕಿ ತೊಳೆದು ಬೋರಲು ಹಾಕಿಸಿದೆವು. ತಿಕ್ಕುವುದೂ ಅವಶ್ಯ, ಏಕೆಂದರೆ ಈ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ಅನೇಕ ತಿಂಗಳು ಬದುಕಿರುವುವು. ಮೊಟ್ಟೆಯು ಸೊಳ್ಳೆಯಾಗಲು ಸಾಧಾರಣವಾಗಿ ಏಳರಿಂದ ಹತ್ತು ದಿನ ಬೇಕು. ಆದಕಾರಣ ವಾರಕ್ಕೊಮ್ಮೆ ತೊಟ್ಟಿ, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು ಮುಂತಾದವುಗಳನ್ನು ಬರಿದುಮಾಡತಕ್ಕದ್ದು.

ಇನ್ನು ಅಂಗಳದ ನೀರಿನ ವಿಚಾರ. ಈ ಸಾರಿ ನಾವು ಮಣ್ಣನ್ನು ತರಿಸಲಿಲ್ಲ. ಕೊಡೆ ಹಿಡಿದು ಸುರಿಯುವ ಮಳೆಯಲ್ಲಿಯೇ ನಿಂತು, ನೀರು ಎಲ್ಲಿಂದ ಬರುವುದೆಂದು ನೋಡಿದೆವು. ಮೂರು ದಾರಿಗಳು ಕಂಡವು. ಮೊದಲನೆಯದು ನಮ್ಮ ಸೂರು: 100 ಚದರ ಮೀಟರಿನ ಛಾವಣಿಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 1,000 ಲೀಟರು ನೀರಾಗುವುದು, ಅದೆಲ್ಲವೂ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಎರಡನೆಯದು ಬೀದಿ: ಕಾಂಕ್ರೀಟು ಹಾಕಿದ ಮೇಲೆ ಅದು ನಮ್ಮ ಅಂಗಳಕ್ಕಿಂತ ಒಂದು ಗೇಣು ಎತ್ತರವಾಗಿ, ಹಳೆಯ ಮೋರಿಯ ಬಾಯಿ ಮುಚ್ಚಿಹೋಗಿತ್ತು. ಮೂರನೆಯದು ಬಚ್ಚಲು.

ಇಂಗುಗುಂಡಿಯನ್ನು ತೋಡಬಹುದೆಂದು ಯೋಚಿಸಿ, ಮೊದಲು ಒಂದು ಅಡಿ ಆಳದ ಕುಳಿಯಲ್ಲಿ ರಾತ್ರಿ ನೀರು ತುಂಬಿಸಿ, ಬೆಳಿಗ್ಗೆ ಮತ್ತೆ ತುಂಬಿಸಿ ನೋಡಿದೆವು. ಒಂದು ಗಂಟೆಯಲ್ಲಿ ನೀರು ಅರ್ಧ ಅಂಗುಲವೂ ಇಳಿಯಲಿಲ್ಲ. ಜೇಡಿಮಣ್ಣು, ಮೇಲಾಗಿ ಹೊಳೆ ತುಂಬಿದಾಗ ನೆಲದೊಳಗಿನ ನೀರೂ ಮೇಲಕ್ಕೆ ಬರುವುದು. ಅಂತಹ ನೆಲದಲ್ಲಿ ಇಂಗುಗುಂಡಿ ವ್ಯರ್ಥ. ಬಾವಿಯ ಸಮೀಪದಲ್ಲಾದರೆ ಅಪಾಯಕರವೂ ಹೌದು. ನೀರಿಗೆ ವಾಟವನ್ನು ಕೊಟ್ಟು ಹೊರಗೆ ಸಾಗಿಸುವುದೊಂದೇ ಉಪಾಯವಾಗಿ ಉಳಿಯಿತು.

ಒಂದು ಉದ್ದವಾದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟವನ್ನು ಅಳೆದೆವು. ಕೊಳವೆಯ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದೆಂಬುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಬೀದಿಯ ಕಡೆಗೆ ವಾಟವು ಸಿಕ್ಕಲೇ ಇಲ್ಲ. ಸಿಕ್ಕಿದ್ದು ಒಂದೇ ಕಡೆ: ನೆರೆಮನೆಯ ಹಿತ್ತಲಿನ ಅಂಚಿನಲ್ಲಿ ಹೋದರೆ, 80 ಅಡಿಯ ದೂರಕ್ಕೆ 14 ಅಂಗುಲ ಇಳಿದು ಹಳೆಯ ಕಾಲುವೆಯನ್ನು ಸೇರಬಹುದಾಗಿತ್ತು. ನೂರು ಅಡಿಗೆ ಒಂದು ಅಡಿ ಇಳಿದರೂ ಚರಂಡಿಗೆ ಸಾಕು; ಇದು ಅದಕ್ಕಿಂತ ಹೆಚ್ಚು. ಆದರೆ ಆ ದಾರಿ ನಮ್ಮದಲ್ಲ.

ಎರಡು ದಿನ ಧೈರ್ಯವಾಗಲಿಲ್ಲ. ಮೂರನೆಯ ದಿನ ಹೋಗಿ, ಹಿಂದೆ ಮಾಡಿದ ತಪ್ಪನ್ನು ಒಪ್ಪಿಕೊಂಡು, ಚರಂಡಿಗೆ ಜಾಗವನ್ನು ಬೇಡಿದೆವು. ಅಜ್ಜಿಯವರು ಮೊರದಲ್ಲಿದ್ದ ಅಕ್ಕಿಯನ್ನು ಕೇರುತ್ತಲೇ, “ನೀರಿಗೆ ದಾರಿ ಕೇಳುವುದಕ್ಕೆ ನಿಮಗೆ ಎರಡು ವರ್ಷ ಬೇಕಾಯಿತೆ?” ಎಂದರು. ಅನಂತರ ತಾವೇ ಎದ್ದು ಬಂದು, ತೆಂಗಿನ ಬೇರನ್ನು ತಪ್ಪಿಸಿ ಎಲ್ಲಿ ಅಗೆಯಬೇಕೆಂದು ಕಾಲಿನಿಂದ ಗೆರೆ ಎಳೆದು ತೋರಿಸಿದರು.

ಪಂಚಾಯಿತಿಯವರ ಒಪ್ಪಿಗೆಯನ್ನೂ ಪಡೆದು, 2025ರ ಬೇಸಗೆಯಲ್ಲಿ ಕೆಲಸವನ್ನು ಮುಗಿಸಿದೆವು. ಗೋಡೆಯಿಂದ ಹತ್ತು ಅಡಿಯವರೆಗೆ ಆರು ಅಂಗುಲ ಇಳಿಯುವಂತೆ ನೆಲವನ್ನು ಹದಗೊಳಿಸಿದೆವು. ಸೂರಿಗೆ ದೋಣಿಯನ್ನು ಕಟ್ಟಿಸಿ, ಆ ನೀರನ್ನೂ ಎರಡು ಹಿತ್ತಿಲುಗಳ ಮಳೆನೀರನ್ನೂ ಒಂದೇ ಕಲ್ಲುಚರಂಡಿಗೆ ಸೇರಿಸಿದೆವು. ಬಚ್ಚಲಿನ ನೀರನ್ನು ಕಾಲುವೆಗೆ ಬಿಡದೆ, ಬಾವಿಗೆ ದೂರವಾಗಿ ಬಾಳೆಯ ಪಾತಿಗೆ ತಿರುಗಿಸಿದೆವು. ಆ ಮಳೆಗಾಲದಲ್ಲಿ ಎರಡು ಮನೆಗಳಲ್ಲಿಯೂ ನೀರು ಒಂದು ಜಾವಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಚರಂಡಿಯಲ್ಲಿ ಬಿದ್ದ ಸೋಗೆ ಎಲೆಗಳನ್ನು ಒಂದು ವಾರ ನಮ್ಮ ತಾಯಿಯವರೂ ಮತ್ತೊಂದು ವಾರ ಅವರೂ ತೆಗೆಸುವರು.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಅನೇಕರು ಈಗ ಗೃಹಿಣಿಯರಾಗಿ ಸ್ವಂತ ಅಂಗಳವುಳ್ಳವರಾಗಿರುವಿರಿ. ನೀರು ನಿಂತರೆ ಮಣ್ಣು ತರಿಸುವುದಕ್ಕೆ ಮುಂಚೆ ಮಳೆಯಲ್ಲಿ ಒಂದು ಗಂಟೆ ನಿಂತು ನೋಡಿರಿ. ನಮ್ಮ ಅಂಗಳವನ್ನು ಬಿಟ್ಟ ನೀರು ಯಾರ ಅಂಗಳವನ್ನು ಸೇರುವುದೆಂದು ವಿಚಾರಿಸಿರಿ. ಅವರ ಮನೆಗೆ ನೀರು ಹೋಗುವ ಮೊದಲು ನೀವು ಹೋಗಿರಿ.

ಒರಳು ಈಗಲೂ ಬೋರಲಾಗಿಯೇ ಇದೆ. ಸಂಜೆಯ ಹೊತ್ತು ನೆರೆಮನೆಯ ಹುಡುಗಿ ಅದರ ಮೇಲೆ ಕುಳಿತು ಪಾಠವನ್ನು ಓದಿಕೊಳ್ಳುವಳು.