ಮಹಾಪ್ರಬಂಧಕ್ಕೊಂದು ಮರುಮಾತು

ಬೀದರ ಜಿಲ್ಲೆಯ ನಿರ್ಣಾದಂಥ ಊರಿಂದ ಪಿಎಚ್.ಡಿ. ಮಾಡಲು ಹೊರಟವರಿಗೆ ಬಹುಕಾಲ ಕಲಬುರಗಿಯೇ ಹತ್ತಿರದ ದಾರಿ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಶುರುವಾಯಿತು. ಬೀದರಿಗೆ ತನ್ನದೇ ಸಾಮಾನ್ಯ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಚಾಲುಕ್ಯರ ದೇಗುಲವನ್ನೋ ಗಡಿಯ ಕನ್ನಡವನ್ನೋ ಹಿಡಿದು ವಿದ್ಯಾರ್ಥಿ ವರ್ಷಗಟ್ಟಲೆ ದುಡಿಯುತ್ತಾರೆ. ಮಾರ್ಗದರ್ಶಕರು ಓದುತ್ತಾರೆ, ಪರೀಕ್ಷಕರು ಓದುತ್ತಾರೆ, ಮೌಖಿಕ ಪರೀಕ್ಷೆ ಮುಗಿಯುತ್ತದೆ, ಮಹಾಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹ ಸೇರುತ್ತದೆ. ಬೇಕಾದವರು ಅದನ್ನು ಅಲ್ಲಿಂದ ಇಳಿಸಿಕೊಳ್ಳಬಹುದು. ಇದು ದೊಡ್ಡ ಅನುಕೂಲವೇ. ಆದರೆ ಬರಹ ಕೈಗೆ ಸಿಗುವುದು ಬೇರೆ, ಅದಕ್ಕೆ ಮರುಮಾತು ಹುಟ್ಟುವುದು ಬೇರೆ. ಓರಗೆಯವರ ಪ್ರಬಂಧ ಓದಿ ಆಕ್ಷೇಪ ಎತ್ತುವುದು, ತನ್ನ ಅರೆಬರೆ ಅಧ್ಯಾಯವನ್ನು ಅವರ ಮುಂದಿಟ್ಟು ತಿದ್ದಿಕೊಳ್ಳುವುದು ಸಂಶೋಧನೆಯ ಹೊಟ್ಟೆಯೊಳಗಿನ ಕೆಲಸ. ಪದವಿ ಕೈಗೆ ಬಂದ ಮೇಲೆ ಬಿಡುವಿದ್ದರೆ ಮಾಡೋಣ ಎನ್ನುವಂಥದ್ದಲ್ಲ.

ಈ ಮಾತಿಗೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇದೇ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ, ಅಂದರೆ ಹಿಂದಿನವರಿಗೆ ಕೊಟ್ಟ ಉತ್ತರ. ಅದರ ಮೇಲೆ ಮತ್ತೆ ವ್ಯಾಖ್ಯಾನಗಳು ಹುಟ್ಟಿದವು. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ತಕರಾರುಗಳು ಅದನ್ನು ಹಿಡಿದೇ ತೀರ್ಮಾನವಾಗುತ್ತಿದ್ದವು. ಇನ್ನೂ ಹತ್ತಿರದ ಉದಾಹರಣೆ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ವಚನಗಳನ್ನು ಸಂವಾದವಾಗಿ ಜೋಡಿಸಿದ. ಸಿದ್ಧರಾಮನ ದೀಕ್ಷೆಯ ಪ್ರಸಂಗ ಅದರಲ್ಲಿಲ್ಲ ಎಂಬುದು ನಂತರದವರಿಗೆ ಕೊರತೆಯಾಗಿ ಕಂಡಿತು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ಹಿಂದೊಬ್ಬರು ಆ ಕೃತಿಯನ್ನು ಮತ್ತೆ ಕೈಗೆತ್ತಿಕೊಂಡರು. ಯಾರದು ಸರಿ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೃತಿ ಜೀವಂತವಾಗಿ ಉಳಿದದ್ದು ಆ ಭಿನ್ನಮತದಿಂದಲೇ.

ಹಂಚದೆ ಹೋದರೆ ಏನಾಗುತ್ತದೆ ಎಂಬುದನ್ನೂ ಈ ಜಿಲ್ಲೆ ಕಂಡಿದೆ. ಬಿ.ಎಲ್. ರೈಸ್ 1886ರಿಂದ ಕೊಡಗು ಮತ್ತು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಪುಟಗಳಾಗಿ ಅಚ್ಚು ಮಾಡಿಸತೊಡಗಿದರು. ನಿಜಾಮರ ಆಳ್ವಿಕೆಯ ಕನ್ನಡ ಜಿಲ್ಲೆಗಳು ಆ ಕೆಲಸದ ಹೊರಗೆ ಉಳಿದವು. ಪಿ.ಬಿ. ದೇಸಾಯಿಯವರು ಸಂಪಾದಿಸಿದ ಈ ಜಿಲ್ಲೆಗಳ ಶಾಸನ ಸಂಪುಟ ಹೊರಬಂದದ್ದು 1958ರಲ್ಲಿ. ಎಪ್ಪತ್ತು ವರ್ಷಗಳ ಈ ಅಂತರ ಸಣ್ಣದಲ್ಲ. ಅಷ್ಟು ಕಾಲ ಮೈಸೂರಿನ ವಿದ್ವಾಂಸರಿಗೆ ಮೇಜಿನ ಮೇಲೇ ಸಿಗುತ್ತಿದ್ದ ಆಕರಕ್ಕಾಗಿ ಇಲ್ಲಿನವರು ಊರೂರು ಅಲೆಯಬೇಕಿತ್ತು. ಇಂದು ಹುಮನಾಬಾದ ಸೀಮೆಯ ಶಾಸನವೊಂದರ ಪಡಿಯಚ್ಚು ಒಬ್ಬ ವಿದ್ಯಾರ್ಥಿಯ ಕಪಾಟಿನಲ್ಲೇ ಉಳಿದರೆ ಅದೇ ಅನ್ಯಾಯ ಚಿಕ್ಕ ಪ್ರಮಾಣದಲ್ಲಿ ಮುಂದುವರಿಯುತ್ತದೆ.

ಮುಂಚೆಯೇ ಹೊರಗೆ ಹೇಳಿದರೆ ಬೇರೆಯವರು ಕದಿಯುತ್ತಾರೆ ಎಂಬ ಭಯ ಸುಳ್ಳಲ್ಲ, ಅದರಲ್ಲೂ ದೊಡ್ಡ ಹುದ್ದೆಯವರ ಮುಂದೆ ವಿದ್ಯಾರ್ಥಿ ಬಡವ. ಆದರೆ ವಿಭಾಗದ ಸಭೆಯಲ್ಲಿ ಹೆಸರು, ತಾರೀಖು ಸಮೇತ ದಾಖಲಾದ ಮಾತಿಗೆ ಹತ್ತು ಜನ ಸಾಕ್ಷಿಗಳಿರುತ್ತಾರೆ. ಬಚ್ಚಿಟ್ಟ ಟಿಪ್ಪಣಿಗೆ ಯಾರೂ ಇಲ್ಲ. ಹಂಚಿಕೆಯನ್ನು ಕಡ್ಡಾಯ ಮಾಡಿ ನೋಡಿದ್ದಾಯಿತಲ್ಲ ಎಂದು ಇನ್ನು ಕೆಲವರು ಕೇಳುತ್ತಾರೆ. ಯುಜಿಸಿ 2016ರ ನಿಯಮದಲ್ಲಿ ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನ ಪ್ರಕಟಿಸಬೇಕು, ಎರಡು ಸಮ್ಮೇಳನಗಳಲ್ಲಿ ಮಂಡಿಸಬೇಕು ಎಂದಿತ್ತು. ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳಿಗೆ ಅದು ಸುಗ್ಗಿಯಾಯಿತು. 2022ರಲ್ಲಿ ಆ ಷರತ್ತು ಹೋಯಿತು, ಹೋದದ್ದು ಒಳ್ಳೆಯದೇ. ಅಲ್ಲಿ ಸೋತದ್ದು ಎಣಿಕೆ. ಎಷ್ಟು ಲೇಖನ ಎಂದು ಕೇಳಿದರೇ ಹೊರತು ಅವುಗಳನ್ನು ಓದಿ ಯಾರು ಏನೆಂದರು ಎಂದು ಕೇಳಲಿಲ್ಲ. ಒಬ್ಬ ವಿದ್ಯಾರ್ಥಿ ಇನ್ನೊಬ್ಬರ ಪ್ರಬಂಧಕ್ಕೆ ಬರೆದ ಗಟ್ಟಿ ವಿಮರ್ಶೆಯನ್ನೂ ಸಂಶೋಧನೆಯ ಪಾಲೆಂದೇ ವಿಭಾಗಗಳು ಪರಿಗಣಿಸಬೇಕು.

ಮರುಮಾತು ವಿಭಾಗದ ಆಚೆ, ಊರಿನವರಿಂದಲೂ ಬರಬೇಕು. ವಿದ್ವತ್ತಿನ ಸೂಕ್ಷ್ಮ ಊರ ಜನಕ್ಕೆ ಏನು ತಿಳಿದೀತು ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಸೈದ್ಧಾಂತಿಕ ಅಧ್ಯಾಯದ ಮಾತು ಬೇರೆ ಇರಬಹುದು. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ನೆರೆಯವರೊಡನೆ ದಖನಿ ಆಡುವವರು ಗಡಿಯ ಕನ್ನಡದ ಅಧ್ಯಾಯವೊಂದನ್ನು ನಿರ್ಣಾದ ಶಾಲೆಯಲ್ಲಿ ಕೂತು ಕೇಳಿದರೆ, ಯಾವ ಮಾತನ್ನು ಯಾರ ಮುಂದೆ ಆಡುತ್ತಾರೆ, ಯಾವುದನ್ನು ಆಡುವುದೇ ಇಲ್ಲ ಎಂದು ಸಾಲು ಸಾಲಾಗಿ ತಿದ್ದಬಲ್ಲರು. ಪ್ರಬಂಧ ಒಪ್ಪಿಸುವ ಮೊದಲೇ ಆ ತಿದ್ದುಪಡಿ ವಿದ್ಯಾರ್ಥಿಯ ಕೈ ಸೇರಬೇಕು.