ಕಂಚಿಯ ಕಂಬದ ಮೇಲೊಂದು ಕನ್ನಡ ಶಾಸನ

ಬೇಸಿಗೆ ಇಲ್ಲವೇ ದಸರಾ ರಜೆ ಬಂತೆಂದರೆ ತಿರುಪತಿ, ಕಂಚಿ, ಮಹಾಬಲಿಪುರಗಳತ್ತ ಕರ್ನಾಟಕದಿಂದ ಹೊರಡುವ ಪ್ರವಾಸಿ ಬಸ್ಸುಗಳಿಗೆ ಲೆಕ್ಕವಿಲ್ಲ. ಬೆಳಿಗ್ಗೆ ಕಂಚಿ ತಲುಪಿದ ಬಸ್ಸು ಕಾಮಾಕ್ಷಿ ದೇವಾಲಯದ ಬಳಿ ನಿಲ್ಲುತ್ತದೆ. ದರ್ಶನ ಮುಗಿಯುತ್ತದೆ. ಅಲ್ಲಿಂದ ರೇಷ್ಮೆ ಸೀರೆಯ ಅಂಗಡಿ ಹೊಕ್ಕ ಅಮ್ಮಂದಿರು ಎರಡು ಗಂಟೆಯಾದರೂ ಹೊರಬರುವುದಿಲ್ಲ. ಅಷ್ಟು ಹೊತ್ತಿಗೆ ಬಿಸಿಲೇರಿ ಮಕ್ಕಳು ಹಸಿದಿರುತ್ತಾರೆ, ಗುಡಿಗಳ ಬಾಗಿಲೂ ಮುಚ್ಚಿರುತ್ತದೆ. ‘ಇನ್ನೇನು, ಎಲ್ಲ ಗುಡಿಗಳೂ ಒಂದೇ ತರಹ’ ಎಂದು ಸಮಾಧಾನ ಹೇಳಿಕೊಂಡು ಬಸ್ಸು ಮುಂದಿನ ಊರಿಗೆ ಹೊರಡುತ್ತದೆ.

ಹಾಗೆ ಹೊರಟುಬಿಡುವ ಮಕ್ಕಳು ಒಂದನ್ನು ಕಳೆದುಕೊಳ್ಳುತ್ತಾರೆ. ಊರಿನ ಪಶ್ಚಿಮ ಅಂಚಿನಲ್ಲಿರುವ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಅವರದೇ ಭಾಷೆಯ ಬರಹವಿದೆ. ಅದನ್ನು ಬರೆಸಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಬರೆಸಿದವನು ಬಾದಾಮಿಯ ಅರಸ.

ಓದಲು ಬಂದವರ ಊರು

ತಮಿಳುನಾಡಿನ ಕಂಚಿ ವೇಗವತಿ ನದಿಯ ದಡದಲ್ಲಿದೆ. ಬೆಂಗಳೂರಿನಿಂದ ಸುಮಾರು 275 ಕಿ.ಮೀ., ಚೆನ್ನೈನಿಂದ ಸುಮಾರು 75 ಕಿ.ಮೀ. ದೂರ. ಏಳು ಮೋಕ್ಷಪುರಿಗಳಲ್ಲಿ ದಕ್ಷಿಣ ಭಾರತಕ್ಕೆ ಸೇರಿದ್ದು ಇದೊಂದೇ. ಆರರಿಂದ ಒಂಬತ್ತನೇ ಶತಮಾನದವರೆಗೆ ಇದು ಪಲ್ಲವರ ವೈಭವದ ರಾಜಧಾನಿಯಾಗಿತ್ತು. ಏಳನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಲ್ಲಿಗೆ ಬಂದುಹೋದ.

ದೇವರ ಊರಾಗಿದ್ದಂತೆಯೇ ಕಂಚಿ ವಿದ್ಯೆಯ ಊರೂ ಆಗಿತ್ತು. ಇಲ್ಲಿನ ವಿದ್ಯಾಕೇಂದ್ರಕ್ಕೆ ‘ಘಟಿಕೆ’ ಎಂದು ಹೆಸರು. ನಾಲ್ಕನೇ ಶತಮಾನದಲ್ಲಿ ಮಲೆನಾಡಿನ ಸೆರಗಿನ ತಾಳಗುಂದದಿಂದ ಮಯೂರಶರ್ಮನೆಂಬ ಯುವಕ, ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಈ ಘಟಿಕೆಗೆ ಬಂದ. ಇಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಜಗಳವಾಯಿತು. ಅವಮಾನಿತನಾದ ಮಯೂರಶರ್ಮ ಪುಸ್ತಕ ಬಿಟ್ಟು ಕತ್ತಿ ಹಿಡಿದ. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಹೀಗೆ ಎಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಶಾಲೆಯ ಪಠ್ಯದಲ್ಲಿ ಕದಂಬರ ಪಾಠ ಓದುವ ಮಕ್ಕಳಿಗೆ, ಆ ಕಥೆಯ ಮೊದಲ ಪುಟ ಈ ಊರಿನ ಬೀದಿಯಲ್ಲೇ ತೆರೆಯಿತೆಂದು ಹೇಳಿದರೆ ಕಂಚಿ ಪರಕೀಯವೆನಿಸದು.

ಮುಂದೆ ಹನ್ನೊಂದನೇ ಶತಮಾನದಲ್ಲಿ ರಾಮಾನುಜರು ಯಾದವಪ್ರಕಾಶರ ಬಳಿ ಓದಿದ್ದೂ ಕಂಚಿಯಲ್ಲೇ ಎಂದು ಸಂಪ್ರದಾಯ ಹೇಳುತ್ತದೆ. ಮೇಲುಕೋಟೆಗೆ ಅವರು ಬಂದದ್ದು ಆಮೇಲಿನ ಮಾತು.

ಮರಳುಗಲ್ಲಿನ ಕೈಲಾಸ

ಕೈಲಾಸನಾಥ ದೇವಾಲಯದ ಮುಂದೆ ಮುಗಿಲು ಮುಟ್ಟುವ ಗೋಪುರವಿಲ್ಲ, ಹೂವು-ಕಾಯಿ ಅಂಗಡಿಗಳ ಗದ್ದಲವೂ ಕಡಿಮೆ. ಎಂಟನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದವನು ಪಲ್ಲವ ದೊರೆ ಎರಡನೇ ನರಸಿಂಹವರ್ಮ. ರಾಜಸಿಂಹನೆಂಬ ಅವನ ಬಿರುದಿನಿಂದಾಗಿ ಇಲ್ಲಿನ ಶಿವನಿಗೆ ಶಾಸನಗಳಲ್ಲಿ ರಾಜಸಿಂಹೇಶ್ವರನೆಂದೇ ಹೆಸರು. ತಳಪಾಯಕ್ಕೆ ಗಟ್ಟಿ ಕಣಶಿಲೆ, ಮೇಲೆ ಮೆತ್ತನೆಯ ಮರಳುಗಲ್ಲು. ಅಂಗಳದ ಸುತ್ತ ಪ್ರಾಕಾರಕ್ಕೆ ಒರಗಿದಂತೆ 58 ಪುಟ್ಟ ಗುಡಿಗಳ ಸಾಲಿದೆ. ಕಂಬಗಳ ಬುಡದಲ್ಲಿ ಮುಂಗಾಲೆತ್ತಿ ನಿಂತ ಸಿಂಹಗಳಿವೆ. ಕೆಲವು ಪುಟ್ಟ ಗುಡಿಗಳ ಒಳಗೋಡೆಯಲ್ಲಿ ಪಲ್ಲವರ ಕಾಲದ ವರ್ಣಚಿತ್ರಗಳ ತುಣುಕುಗಳು ಉಳಿದಿವೆ. ಪದರ ಪದರವಾಗಿ ಬಳಿದ ಗಾರೆಯ ಅಡಿಯಲ್ಲಿ ಮುಚ್ಚಿಹೋಗಿದ್ದ ಇವನ್ನು 1931ರಲ್ಲಿ ಫ್ರಾನ್ಸಿನ ವಿದ್ವಾಂಸ ಜೂವೊ ದ್ಯುಬ್ರೆಯ್ ಬೆಳಕಿಗೆ ತಂದರು.

ಗರ್ಭಗುಡಿಯಲ್ಲಿ ಹದಿನಾರು ಮುಖಗಳ ಕಪ್ಪು ಶಿಲೆಯ ಲಿಂಗವಿದೆ. ಅದರ ಸುತ್ತಲಿನ ಪ್ರದಕ್ಷಿಣೆಯ ಓಣಿಗೆ ಬಗ್ಗಿ, ತೆವಳಿ ನುಗ್ಗಬೇಕು. ಒಮ್ಮೆ ಸುತ್ತಿ ಬಂದವರಿಗೆ ಮರುಜನ್ಮವಿಲ್ಲವೆಂಬುದು ನಂಬಿಕೆ. ಹಿರಿಯರು ಮೊಣಕಾಲು ನೋವೆಂದು ಹಿಂಜರಿದರೂ ಮಕ್ಕಳು ನಗುತ್ತಾ ನುಗ್ಗುತ್ತಾರೆ.

ಗೆದ್ದವನು ಬರೆಸಿದ್ದು

ಗರ್ಭಗುಡಿಯ ಎದುರಿನ ಮಂಟಪದ ಕಂಬದ ಮೇಲಿದೆ ಆ ಕನ್ನಡ ಶಾಸನ. ಅದು ಅರ್ಥವಾಗಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಕ್ರಿ.ಶ. 642ರಲ್ಲಿ ಪಲ್ಲವರ ಮೊದಲನೇ ನರಸಿಂಹವರ್ಮ ಬಾದಾಮಿಗೆ ನುಗ್ಗಿ ಇಮ್ಮಡಿ ಪುಲಿಕೇಶಿಯ ರಾಜಧಾನಿಯನ್ನು ವಶಪಡಿಸಿಕೊಂಡ. ‘ವಾತಾಪಿಕೊಂಡ’ ಎಂದು ಬಿರುದು ಧರಿಸಿದ. ಅವನ ವಿಜಯದ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ಚಾಲುಕ್ಯರು ಆ ಗಾಯವನ್ನು ಮರೆಯಲಿಲ್ಲ.

ಕ್ರಿ.ಶ. 733ರಿಂದ ಸುಮಾರು 744ರವರೆಗೆ ಆಳಿದ ಎರಡನೇ ವಿಕ್ರಮಾದಿತ್ಯ ಪಲ್ಲವ ನಂದಿವರ್ಮನನ್ನು ಸೋಲಿಸಿ ಕಂಚಿಯನ್ನು ಹೊಕ್ಕ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಊರನ್ನು ಸುಡಬಹುದಿತ್ತು, ಗುಡಿಯ ಸಂಪತ್ತನ್ನು ಆನೆಗಳ ಮೇಲೆ ಹೇರಿಸಬಹುದಿತ್ತು. ಆದರೆ ಅವನು ರಾಜಸಿಂಹೇಶ್ವರನ ಐಶ್ವರ್ಯವನ್ನು ಕಂಡು, ಅದನ್ನು ಕಸಿಯದೆ ದೇವರಿಗೇ ಬಿಟ್ಟುಕೊಟ್ಟ. ಹಾಗೆ ಕೊಟ್ಟದ್ದನ್ನು ಕಂಬದ ಮೇಲೆ ತನ್ನ ನಾಡಿನ ಕನ್ನಡದಲ್ಲಿ ಕೆತ್ತಿಸಿದ. ಅವನ ಮಗ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಹೊರಡಿಸಿದ, ಕೋಲಾರ ಜಿಲ್ಲೆಯ ವಕ್ಕಲೇರಿಯ ತಾಮ್ರಪಟವೂ ಇದನ್ನೇ ಹೇಳುತ್ತದೆ: ವಿಕ್ರಮಾದಿತ್ಯ ಕಂಚಿಯನ್ನು ಹಾಳುಗೆಡವಲಿಲ್ಲ.

ಕಂಬದ ಶಾಸನದ ಕೊನೆಯಲ್ಲೊಂದು ಶಾಪವಿದೆ. ಈ ಅಕ್ಷರಗಳನ್ನೂ ಅರಸನ ಈ ಧರ್ಮವನ್ನೂ ಅಳಿಸಿದವರಿಗೆ ಕಂಚಿಯ ಘಟಿಕೆಯ ಮಹಾಜನರನ್ನು ಕೊಂದವರ ಗತಿಯಾಗಲಿ ಎಂಬುದು ಅದರ ಭಾವ. ಪಾಪಕ್ಕೆ ಉದಾಹರಣೆ ಕೊಡಬೇಕಾದಾಗ ಹೊರನಾಡಿನ ಅರಸನಿಗೂ ನೆನಪಾದವರು ಆ ಊರಿನ ವಿದ್ವಾಂಸರು.

ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದನೆಂದು ಪಟ್ಟದಕಲ್ಲಿನ ಶಾಸನ ಹೇಳುತ್ತದೆ. ಆ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಅಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಈಗಿನ ವಿರೂಪಾಕ್ಷ ದೇವಾಲಯ ಅದೇ. ಅದರ ರಚನೆಯಲ್ಲಿ ಕಂಚಿಯ ಕೈಲಾಸನಾಥನ ನೆರಳಿದೆಯೆಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡನ್ನೂ ನೋಡಿದ ವಿದ್ಯಾರ್ಥಿಗೆ ಯಾವುದು ಹೋಲುತ್ತದೆ, ಯಾವುದು ಬೇರೆ ಎಂದು ಪಟ್ಟಿ ಮಾಡುವುದೇ ಒಂದು ಪಾಠ.

ಸೋತವನ ಗುಡಿ

ಸೋತ ನಂದಿವರ್ಮನದೂ ಒಂದು ಗುಡಿ ಇದೇ ಊರಿನಲ್ಲಿದೆ, ವೈಕುಂಠ ಪೆರುಮಾಳ್ ದೇವಾಲಯ. ಮೂರು ಅಂತಸ್ತುಗಳಲ್ಲಿ ವಿಷ್ಣು ಕುಳಿತ, ಮಲಗಿದ, ನಿಂತ ಭಂಗಿಗಳಲ್ಲಿದ್ದಾನೆ. ಸುತ್ತಲಿನ ಮೊಗಸಾಲೆಯ ಗೋಡೆಯ ತುಂಬ ಪಲ್ಲವರ ವಂಶದ ಕಥೆಯನ್ನು ಶಿಲ್ಪಗಳಲ್ಲಿ ಬಿಡಿಸಿದ್ದಾರೆ. ಅರಸನಿಲ್ಲದೆ ರಾಜ್ಯ ಕಂಗೆಟ್ಟಾಗ ಘಟಿಕೆಯವರೂ ಊರಿನ ಮುಖ್ಯರೂ ದೂರದ ಬಂಧು ಹಿರಣ್ಯವರ್ಮನ ಬಳಿ ಹೋಗಿ ಒಬ್ಬ ದೊರೆಯನ್ನು ಬೇಡಿದರು. ಆಗ ಹೊರಡಲು ಒಪ್ಪಿದವನು ಹನ್ನೆರಡು ವರ್ಷದ ಹುಡುಗ ನಂದಿವರ್ಮ. ಏಳನೇ ತರಗತಿಯ ವಯಸ್ಸು! ವಿಕ್ರಮಾದಿತ್ಯನಿಗೆ ಸೋತ ಮೇಲೂ ಅವನು ರಾಜ್ಯವನ್ನು ಮರಳಿ ಪಡೆದು ಹಲವು ದಶಕ ಆಳಿದ.

ಊರಿನ ಉಳಿದ ಎರಡು ದೊಡ್ಡ ಗುಡಿಗಳನ್ನು ಬಿಡುವಂತಿಲ್ಲ. ಏಕಾಂಬರೇಶ್ವರನದು ಪಂಚಭೂತ ಲಿಂಗಗಳಲ್ಲಿ ಪೃಥ್ವೀಲಿಂಗ. ಸುಮಾರು 59 ಮೀಟರ್ ಎತ್ತರದ ಅದರ ರಾಜಗೋಪುರ ವಿಜಯನಗರದ ಕೃಷ್ಣದೇವರಾಯನ ಕಾಲದ್ದು. ವಿಷ್ಣುಕಂಚಿಯ ವರದರಾಜನ ಗುಡಿಯಲ್ಲಿ ನೂರು ಕಂಬಗಳ ಮಂಟಪ, ಅದರ ಮೂಲೆಯಲ್ಲಿ ಕಲ್ಲಿನಲ್ಲೇ ಕಡೆದ ಸರಪಳಿ ಇವೆ. ಅಲ್ಲಿನ ಕೊಳದ ನೀರಿನಲ್ಲಿರಿಸಿದ ಅತ್ತಿಮರದ ವರದನನ್ನು 40 ವರ್ಷಕ್ಕೊಮ್ಮೆ ಹೊರತೆಗೆಯುತ್ತಾರೆ. 1979ರ ನಂತರ 2019ರಲ್ಲಿ ದರ್ಶನವಾಯಿತು. ಮುಂದಿನದು 2059ರಲ್ಲಿ. ಇಂದಿನ ವಿದ್ಯಾರ್ಥಿಗಳು ಅಂದು ತಮ್ಮ ಮಕ್ಕಳ ಕೈಹಿಡಿದು ಹೋಗಬಹುದು.

ಗೀಚುವ ಕೈ

ಆ ಹೊತ್ತಿಗೆ ಕೈಲಾಸನಾಥನ ಕಂಬದ ಅಕ್ಷರಗಳು ಉಳಿದಿರಬೇಡವೇ? ಮರಳುಗಲ್ಲು ಗಾಳಿ-ಮಳೆಗೇ ಸವೆಯುತ್ತದೆ. ಅದರ ಮೇಲೆ ಕೈಯುಜ್ಜುವವರು, ಹತ್ತಿ ಕೂರುವವರು, ಮೊಳೆಯಿಂದ ತಮ್ಮ ಹೆಸರು ಗೀಚುವವರು ಸೇರಿದರೆ ಹೇಳುವುದೇ ಬೇಡ. ಹಳೆಯ ಗುಡಿ, ಕೋಟೆಗಳಿಗೆ ಹೋದವರಿಗೆಲ್ಲ ಈ ಗೀಚು ಹೆಸರುಗಳು ಗೊತ್ತು. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾನೂನಿದೆ. ಆದರೆ ಪ್ರತಿ ಕಂಬಕ್ಕೂ ಕಾವಲುಗಾರನನ್ನು ನಿಲ್ಲಿಸಲಾಗದು. ಶತ್ರುವಿನ ಸೈನ್ಯ ಹಾಳು ಮಾಡದೆ ಬಿಟ್ಟ ಗುಡಿಯನ್ನು ಪ್ರವಾಸಿಗಳು ಹಾಳು ಮಾಡಬಾರದು ಎಂಬುದನ್ನು ತಂದೆತಾಯಿಯರೇ ಮಕ್ಕಳಿಗೆ ತಿಳಿಹೇಳಬೇಕು.

ಎಂಟನೇ ಶತಮಾನದ ಲಿಪಿಯನ್ನು ಇಂದಿನ ಮಕ್ಕಳು ಓದಲಾರರು. ಆದರೂ ಒಂದು ನೋಟ್‌ಬುಕ್ಕು, ಪೆನ್ಸಿಲು ಜೊತೆಗಿದ್ದರೆ ಕಂಬವನ್ನು ಮುಟ್ಟದೆ ನಾಲ್ಕು ಅಕ್ಷರ ನೋಡಿ ಬರೆದುಕೊಳ್ಳಬಹುದು. ಇಂದಿನ ಅಕ್ಷರಮಾಲೆಯೊಡನೆ ಹೋಲಿಸಿ ಯಾವುದು ಯಾವುದೆಂದು ಊಹಿಸುವ ಆಟ ಊರಿಗೆ ಮರಳುವ ದಾರಿಗೆ ಸಾಕು.

ಹೋಗುವವರು ಬೆಳಿಗ್ಗೆ ಬೇಗ ಕಂಚಿ ಸೇರುವುದು ಒಳ್ಳೆಯದು. ಗುಡಿಗಳು ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿ, ಸಂಜೆ 4ರ ಸುಮಾರಿಗೆ ತೆರೆಯುತ್ತವೆ. ಮೊದಲು ಕೈಲಾಸನಾಥ, ನಂತರ ಏಕಾಂಬರೇಶ್ವರ, ಕಾಮಾಕ್ಷಿ, ವೈಕುಂಠ ಪೆರುಮಾಳ್, ಸಂಜೆಗೆ ವರದರಾಜ. ನಡುವಿನ ಬಿಸಿಲಿನ ಹೊತ್ತು ಸೀರೆಯ ಅಂಗಡಿಗಿರಲಿ. ಅದೇನೂ ಮಧ್ಯಾಹ್ನ ಬಾಗಿಲು ಹಾಕುವುದಿಲ್ಲ.