ಅಂಗಳದಲ್ಲಿ ಸಿಕ್ಕ ಚಿನ್ನದ ಬಣ್ಣದ ಕ್ಯಾಸೆಟ್

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬೇಸಿಗೆಯ ಶನಿವಾರ ಬಂತೆಂದರೆ ಬೀದಿ ಮೂಲೆಗಳಲ್ಲಿ 'ಯಾರ್ಡ್ ಸೇಲ್' ಎಂಬ ಕೈಬರಹದ ಫಲಕಗಳು. ಬೇಡವಾದ ಸಾಮಾನನ್ನೆಲ್ಲ ಮನೆಯವರು ಅಂಗಳದಲ್ಲೇ ಹರಡಿ ಮಾರುತ್ತಾರೆ. ತಂಗಿಯ ಮನೆಗೆ ಹೋಗಿದ್ದ ನನ್ನನ್ನು ಅವಳ ಹನ್ನೆರಡು ವರ್ಷದ ಮಗ ಏಳಕ್ಕೇ ಎಬ್ಬಿಸಿದ. "ಬೇಗ ಮಾಮ, ತಡವಾದರೆ ವ್ಯಾಪಾರಿಗಳು ಬಾಚಿಕೊಂಡು ಹೋಗ್ತಾರೆ." ಅವನ ಬೇಟೆ ಹಳೆಯ ನಿಂಟೆಂಡೊ ಆಟಗಳು. ವಾರವೆಲ್ಲ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿ ಬರಿಗೈಲಿ ಬಂದಿದ್ದ.

ಮೂರು ಅಂಗಳಗಳಲ್ಲಿ ಬರೀ ಪಿಂಗಾಣಿ ತಟ್ಟೆ, ಹಳೇ ಬೂಟು. ನಾಲ್ಕನೆಯದರಲ್ಲಿ, ರಟ್ಟಿನ ಡಬ್ಬದ ತಳದಲ್ಲಿ, ಚಿನ್ನದ ಬಣ್ಣದ ಕ್ಯಾಸೆಟ್: ಅಮೆರಿಕದಲ್ಲಿ 1987ರಲ್ಲಿ ಬಿಡುಗಡೆಯಾದ 'ದಿ ಲೆಜೆಂಡ್ ಆಫ್ ಜೆಲ್ಡಾ'. ಕೇಳಿದ್ದು 5 ಡಾಲರ್.

ಮನೆಗೆ ಬಂದವನೇ ಅದರ ಬಾಯಿಗೆ ಊದಲು ಹೋದ. ತಡೆದೆ, ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಉಸಿರಿನ ತೇವಕ್ಕೆ ಒಳಗಿನ ಲೋಹದ ತುದಿಗಳು ಕಿಲುಬು ಹಿಡಿಯುತ್ತವೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದೆವು. ಟಿ.ವಿ. ಪರದೆಯ ಮೇಲೆ ಮೂಡಿತು ಒಂದು ಹೆಸರು, ಹಿಂದೆ ಆಡಿದ್ದ ಯಾವುದೋ ಮಗುವಿನದು! ಒಳಗಿನ 3 ವೋಲ್ಟಿನ ಗುಂಡಿಯಂಥ ಬ್ಯಾಟರಿ ಆ ನೆನಪನ್ನು ಇನ್ನೂ ಹಿಡಿದಿಟ್ಟಿತ್ತು.

ಬ್ಯಾಟರಿ ತೆಗೆದರೆ ವಿದ್ಯುತ್ ತಪ್ಪಿ ಹೆಸರು ಅಳಿಯುತ್ತದೆ. ಹಾಗೇ ಬಿಟ್ಟರೂ ಅದು ಸವೆದು ಒಂದು ದಿನ ಅಳಿಯುವುದೇ. ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅದನ್ನು ಮುಟ್ಟದೆ, ಕೆಳಗಿನ ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದ.